ನೇಪಾಳದ ವಿಮಾನಕ್ಕೆ ಆಧಾರ್ ಸಾಲದು

‘ನೇಪಾಳಕ್ಕೆ ವೀಸಾ ಬೇಡ, ಆಧಾರ್ ಒಂದಿದ್ದರೆ ಸಾಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಮೊದಲರ್ಧ ನಿಜ, ಉಳಿದರ್ಧ ಪೇಚಿಗೆ ಸಿಲುಕಿಸುವಂಥದ್ದು.

ವಿಮಾನದಲ್ಲಿ ಹೋಗುವ ಭಾರತೀಯರು ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ ತೋರಿಸಬೇಕು. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15 ತುಂಬದ ಮಕ್ಕಳಿಗೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯವೇ ಇದನ್ನು ತಿಳಿಸಿತ್ತು. ಹೀಗಾಗಿ ಎಪ್ಪತ್ತರ ಅಜ್ಜಿ, ಹತ್ತರ ಮೊಮ್ಮಗ ಆಧಾರ್ ಹಿಡಿದು ಹೊರಡಬಹುದು. ನಡುವಯಸ್ಸಿನ ಮಗ ಅದನ್ನೇ ನಂಬಿ ಹೋದರೆ ದೆಹಲಿಯ ವಲಸೆ ಕೌಂಟರಿನಿಂದಲೇ ಹಿಂದಿರುಗಬೇಕಾದೀತು. ಕಠ್ಮಂಡುವಿನ ಪಶುಪತಿನಾಥನ ಪೂಜೆಗೆ ಕರ್ನಾಟಕ ಮೂಲದ ಭಟ್ಟರೇ ಇದ್ದಾರೆ, ಸರಿ; ಆ ನಂಟು ಕೌಂಟರಿನಲ್ಲಿ ನಡೆಯದು.

ಭೂತಾನಿಗೂ ವಯಸ್ಕರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ ಬೇಕು. ಜೊತೆಗೆ ಒಬ್ಬರಿಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಪ್ರವಾಸಿ ಶುಲ್ಕ.