ಸಾಹೇಬರು ಕಲಿಯುತ್ತಿದ್ದಾರೆ, ಒಟಿಪಿ ಕಳಿಸಿ

ಸರ್ಕಾರಿ ಕಚೇರಿಯಲ್ಲಿ ಕಲಿಕೆ ಯಾವಾಗಲೂ ಮೇಲಿನಿಂದಲೇ ಶುರು. ಅಂದರೆ, ಜ್ಞಾಪನ ಮೇಲಿನಿಂದ ಬರುತ್ತದೆ. ಕಲಿಯುವ ಕೆಲಸ ಮಾತ್ರ ಸಾಹೇಬರಿಂದ ಶಿರಸ್ತೇದಾರರಿಗೆ, ಅವರಿಂದ ಎಫ್‌ಡಿಎಗೆ, ಅಲ್ಲಿಂದ ಎಸ್‌ಡಿಎಗೆ ಇಳಿಯುತ್ತಾ ಹೋಗಿ, ಯುಪಿಎಸ್ ಪಕ್ಕ ಕೂತ ಹೊರಗುತ್ತಿಗೆ ಆಪರೇಟರ್ ಹುಡುಗನ ಮೇಜಿನ ಮೇಲೆ ನಿಲ್ಲುತ್ತದೆ. ಅವನ ಕೈಕೆಳಗೆ ಯಾರೂ ಇಲ್ಲ, ಅದಕ್ಕೆ.

ಸರ್ಕಾರಿ ನೌಕರರಿಗೆ ತರಬೇತಿ ಕೊಡುವ ಮಿಷನ್ ಕರ್ಮಯೋಗಿ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಸುಮಾರು 46 ಲಕ್ಷ ಕೇಂದ್ರ ನೌಕರರು, ಐದು ವರ್ಷ, 510 ಕೋಟಿ ರೂಪಾಯಿಗೂ ಜಾಸ್ತಿ. ರಾಜ್ಯಗಳ ನೌಕರರೂ ಸೇರಿಕೊಂಡರು. ಅದರ ಆನ್‌ಲೈನ್ ಕಲಿಕಾ ತಾಣ ಐಗಾಟ್‌ಗೆ ಲಾಗಿನ್ ಆಗಿ ವಿಡಿಯೊ ನೋಡಬೇಕು, ಪ್ರಶ್ನೆಗೆ ಉತ್ತರ ಕೊಡಬೇಕು, ಸರ್ಟಿಫಿಕೇಟ್ ಬರುತ್ತದೆ. ಯೋಜನೆಯೇನೋ ಒಳ್ಳೆಯದೇ. ಆದರೆ ಮೌಸ್ ಹಿಡಿದವರು ಯಾರು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಪಾಪ?

2024ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಲಿಕಾ ಸಪ್ತಾಹವೂ ನಡೆಯಿತು. ವಾರದಲ್ಲಿ ತಲಾ ಕನಿಷ್ಠ ನಾಲ್ಕು ಗಂಟೆ ಕಲಿಯಬೇಕು ಅನ್ನುವುದು ಗುರಿ. ಒಂದು ತಾಲೂಕು ಕಚೇರಿಯಲ್ಲಿ ಇಂಥ ಗುರಿ ಹೇಗೆ ಮುಟ್ಟುತ್ತಾರೆ, ಊಹಿಸಿಕೊಳ್ಳಿ. ಸಾಹೇಬರು ವಿಸಿಯಲ್ಲಿದ್ದಾರೆ, ಅಂದರೆ ವಿಡಿಯೊ ಕಾನ್ಫರೆನ್ಸಿನಲ್ಲಿ. ಹುಡುಗ ಅವರ ಹೆಸರಲ್ಲಿ ಲಾಗಿನ್ ಮಾಡುತ್ತಾನೆ. ಒಟಿಪಿ ಸಾಹೇಬರ ಫೋನಿಗೆ ಹೋಗುತ್ತದೆ. ಫೋನ್ ಜೀಪಿನಲ್ಲಿದೆ. ಡ್ರೈವರ್ ಕಿಟಕಿಯಿಂದಲೇ ನಂಬರ್ ಕೂಗುತ್ತಾರೆ. ಸಾಹೇಬರು ಕಲಿಯಲು ಶುರುಮಾಡಿದರು!

ನಾಯಕತ್ವದ ಪಾಠ ಮುಗಿಯುವಷ್ಟರಲ್ಲಿ ಪಹಣಿ ಕೇಳಿಕೊಂಡು ಬಂದವರ ಸಾಲು ಗೇಟು ದಾಟಿರುತ್ತದೆ. ಮುಂದಿನ ಪಾಠ, ಒತ್ತಡ ನಿರ್ವಹಣೆ. ಅದನ್ನು ಹುಡುಗ ರಾತ್ರಿ ಎಂಟರ ಮೇಲೆ, ಊಟ ಬಿಟ್ಟು, ಶಿರಸ್ತೇದಾರರ ಹೆಸರಲ್ಲಿ ಮುಗಿಸುತ್ತಾನೆ. ಮೂರು ತಿಂಗಳಿಂದ ಸಂಬಳ ಬಂದಿಲ್ಲ ಅಂತ ಅವನು ಮೆಲ್ಲಗೆ ಹೇಳಿದರೆ, "ಎಷ್ಟು ಕಲಿತೆ ನೋಡೋ, ಅದು ದುಡ್ಡಿಗೆ ಸಿಗುತ್ತಾ?" ಅನ್ನುತ್ತಾರೆ. ಅದೂ ನಿಜವೇ. ಇಡೀ ಕಚೇರಿಯಲ್ಲಿ ನಾಯಕತ್ವ ಬಲ್ಲವನು ಅವನೊಬ್ಬನೇ. ಅವನ ಹೆಸರಿನ ಸರ್ಟಿಫಿಕೇಟ್ ಮಾತ್ರ ಒಂದೂ ಇಲ್ಲ.

ಕಂಪ್ಯೂಟರ್ ಕಲಿಕೆಯ ಕಥೆ ಇದಕ್ಕಿಂತ ಹಳೆಯದು. ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು ಅಂತ ನಮ್ಮ ರಾಜ್ಯ ಸರ್ಕಾರ ನಿಯಮ ಮಾಡಿದ್ದು 2012ರಲ್ಲಿ. ಆಮೇಲೆ ಗಡುವು ಮುಂದೆ ಹೋಯಿತು. ಮತ್ತೆ ಹೋಯಿತು. ಮತ್ತೂ ಹೋಯಿತು. ವಯಸ್ಸು 50 ದಾಟಿದವರಿಗೆ ವಿನಾಯಿತಿ ಬೇರೆ. ತಾಳ್ಮೆ ಇದ್ದರೆ ಸಾಕು, ಹುಟ್ಟುಹಬ್ಬವೇ ಪಾಸು ಮಾಡಿಸುತ್ತದೆ.

ಇನ್ನು ಎದುರಿಗೆ ಕೂತು ಕಲಿಯುವ ತರಬೇತಿ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಕಳಿಸುವುದಾದರೆ ಯಾರನ್ನು? ಕೆಲಸ ಬಲ್ಲವರನ್ನು ಕಳಿಸಿದರೆ ಕಚೇರಿ ನಿಲ್ಲುತ್ತದೆ. ಹಾಗಾಗಿ ನಿವೃತ್ತಿಗೆ ಎರಡು ತಿಂಗಳಿರುವವರನ್ನು ಕಳಿಸುವುದೇ ಜಾಣತನ. ಚಾಮುಂಡಿ ಬೆಟ್ಟವನ್ನೂ ನೋಡಿ ಬರುತ್ತಾರೆ, ಟಿಎ ಬಿಲ್ಲೂ ಆಗುತ್ತದೆ.

ತಾಲೂಕಿನಲ್ಲೇ ತರಬೇತಿ ಆದರೆ ಸಾಹೇಬರು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಕೊನೆಗೆ ಎದ್ದು, "ಸಂಕೋಚ ಬೇಡ, ಏನೇ ಅನುಮಾನ ಇದ್ದರೂ ಕೇಳಿ" ಅನ್ನುತ್ತಾರೆ. ಎಲ್ಲರೂ ನೆಲ ನೋಡುತ್ತಾರೆ. ಹೋದ ಸಲ ಒಬ್ಬ ಹೊಸ ಗ್ರಾಮ ಆಡಳಿತಾಧಿಕಾರಿ ಎದ್ದು, "ಸರ್, ಈ ಸುತ್ತೋಲೆ ಹಳೆಯದು, ಹೊಸದು ಬಂದಿದೆ" ಅಂದಿದ್ದರು. ಸಾಹೇಬರು ನಕ್ಕು ಬೆನ್ನು ತಟ್ಟಿದರು. ಮರುದಿನವೇ ಅವರಿಗೆ ಜಾತ್ರೆ ಡ್ಯೂಟಿ, ಆಮೇಲೆ ಮಂತ್ರಿಗಳ ಪ್ರವಾಸದ ಡ್ಯೂಟಿ, ಆಮೇಲೆ ಬೆಳೆ ಸಮೀಕ್ಷೆ. ಈಗ ಅವರಿಗೂ ಯಾವ ಅನುಮಾನವೂ ಇಲ್ಲ.

ಮೊನ್ನೆಯ ವಿಸಿಯಲ್ಲಿ ಕಲಿಕೆಯ ಗುರಿಯಲ್ಲಿ ಈ ತಾಲೂಕಿಗೆ ಶೇಕಡಾ 100 ಬಂತು. ಮೇಲಿನವರು ಹೊಗಳಿದರು. ಸಾಹೇಬರು ಎದ್ದು ನಿಂತು, "ಎಲ್ಲಾ ತಮ್ಮ ಮಾರ್ಗದರ್ಶನ ಸರ್" ಅಂದರು. ಸಂಜೆ ಜಿಲ್ಲಾ ಕಚೇರಿಯಿಂದ ಶಿರಸ್ತೇದಾರರಿಗೆ ಫೋನ್ ಬಂತು:

"ಆ ನಿಮ್ಮ ಆಪರೇಟರ್ ಹುಡುಗನನ್ನ ಎರಡು ದಿನ ಇಲ್ಲಿಗೆ ಕಳಿಸಿಕೊಡ್ರಿ. ಇಲ್ಲಿ ಇನ್ನೂ ದೊಡ್ಡ ಸಾಹೇಬರುಗಳ ಕಲಿಕೆ ಬಾಕಿ ಇದೆ."