ಬೇಯದ ಕಾಳು, ಬೆಂದ ಮನೆ

ಗೋವಾದ ಮಡಗಾಂವಿಗೆ ಬಂದು ಮೂರು ವರ್ಷವಾದರೂ ಅಲ್ಲಿನ ಮಾರುಕಟ್ಟೆಯ ಒಂದು ಓಣಿಯನ್ನು ನಾನು ಮುಖ ತಿರುಗಿಸಿಕೊಂಡೇ ದಾಟುತ್ತೇನೆ. ಚೊರೀಸು ಎಂಬ ಹಂದಿಮಾಂಸದ ಸಾಸೇಜನ್ನು ಜಪಮಾಲೆಯ ಮಣಿಗಳಂತೆ ಪೋಣಿಸಿ ಅಲ್ಲಿ ಕೆಂಪಗೆ ಸಾಲಾಗಿ ತೂಗುಬಿಟ್ಟಿರುತ್ತಾರೆ. ಧಾರವಾಡದ ಶಾಕಾಹಾರಿ ಮನೆಯಲ್ಲಿ ಬೆಳೆದ ಕಣ್ಣು ಹೇಳಿದ ಮಾತು ಕೇಳುತ್ತದೆ, ಮೂಗು ಕೇಳುವುದಿಲ್ಲ. ಮೆಣಸಿನಕಾಯಿ, ಬೆಳ್ಳುಳ್ಳಿ, ಹುಳಿ, ಹೊಗೆ ಎಲ್ಲವೂ ಬೆರೆತ ಆ ವಾಸನೆ ಭಾನುವಾರ ಮಧ್ಯಾಹ್ನ ಕೆಳಗಿನ ಮನೆಯಲ್ಲಿ ಕಾಳಿನೊಂದಿಗೆ ಚೊರೀಸು ಬೇಯಿಸುವ ಫೆಜ್ವಾದಾ ಪಾತ್ರೆಯಿಂದ ಎದ್ದು ನಮ್ಮ ಊಟದ ಮೇಜಿನವರೆಗೂ ಬಂದಾಗ, ತಟ್ಟೆಯಲ್ಲಿದ್ದ ಸಾರನ್ನ ಏಕೋ ಪಥ್ಯದ ಊಟದಂತೆ ಕಾಣುತ್ತದೆ.

ಫೆಜ್ವಾದಾ ಎಂಬ ಹೆಸರು ಬಂದಿರುವುದೇ ಪೋರ್ಚುಗೀಸ್ ಭಾಷೆಯಲ್ಲಿ ಕಾಳಿಗಿರುವ ಪದದಿಂದ. ಹೆಸರಿನಲ್ಲೇ ಕಾಳಿರುವಾಗ ಚೊರೀಸು ಬರೀ ಬೀಗರಂತೆ ಬಂದು ಕೂತಿದ್ದು, ಅದನ್ನು ಮರ್ಯಾದೆಯಿಂದ ಕಳುಹಿಸಿಕೊಟ್ಟರೆ ಉಳಿಯುವುದು ಅಪ್ಪಟ ನಮ್ಮ ಅಡುಗೆಯೇ ಎಂದು ನಾನು ಹೆಂಡತಿಯೆದುರು ವಾದ ಮಂಡಿಸಿದೆ. "ಹಂಗಾದ್ರ ಅದಕ್ಕ ಕಾಳಿನ ಪಲ್ಯಾ ಅಂತಾರ್ರೀ," ಎಂದು ಅವಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ನಾನು ಮೇಲ್ಮನವಿಗೆ ಹೋಗದೆ ನೇರವಾಗಿ ಅಡುಗೆಮನೆಗೆ ಹೋದೆ.

ಮೊದಲ ತಕರಾರು ವಿನೆಗರಿನದು. ಗೋವಾದ ಅಡುಗೆಗೆ ತೆಂಗಿನ ಸೇಂದಿಯಿಂದ ಮಾಡಿದ ವಿನೆಗರೇ ಬೇಕು. ಅದರ ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಹೆಂಡತಿ ಒಳಗಿನ ಕೋಣೆಯಿಂದ, "ಮನ್ಯಾಗ ಹೆಂಡ ತಂದೀರೇನು?" ಎಂದು ಕೇಳಿದಳು. ಸೇಂದಿ ಹುಳಿತು ವಿನೆಗರಾದ ಮೇಲೆ ಅದರಲ್ಲಿ ಅಮಲು ಉಳಿಯುವುದಿಲ್ಲವೆಂದು ವಿವರಿಸಿದ್ದರಿಂದ ಅವಳ ಸಂಶಯವೇನೂ ಕಡಿಮೆಯಾಗಲಿಲ್ಲ. ಇದೆಲ್ಲ ಇವರಿಗೆ ಹೇಗೆ ಗೊತ್ತು ಎಂಬ ಹೊಸ ಸಂಶಯ ಮಾತ್ರ ಸೇರಿಕೊಂಡಿತು.

ಊರಿನಿಂದ ಬಂದಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಶುಂಠಿ, ಜೀರಿಗೆ, ಕಾಳುಮೆಣಸು, ಲವಂಗ, ದಾಲ್ಚಿನ್ನಿಗಳೊಂದಿಗೆ ವಿನೆಗರಿನಲ್ಲಿಯೇ ನುಣ್ಣಗೆ ರುಬ್ಬಿದೆ. 1510ರಿಂದ 1961ರವರೆಗೆ ಗೋವಾದಲ್ಲಿದ್ದ ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನಕಾಯಿ ಈ ದೇಶಕ್ಕೆ ಬಂತು. ಈಗ ಹಾವೇರಿ ಜಿಲ್ಲೆಯ ಬ್ಯಾಡಗಿಯಿಂದ ಘಟ್ಟ ಇಳಿದು ಮತ್ತೆ ಗೋವಾದ ಮಿಕ್ಸರಿನೊಳಗೆ ಬಿದ್ದಿದೆ. ಮಸಾಲೆಯ ಬಣ್ಣ ಕುಂಕುಮದಂತಿತ್ತು. ಆದರೆ ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನೆನಪಾಗಿ, ಧೈರ್ಯಕ್ಕೆಂದು ಒಂದು ಹಿಡಿ ಗುಂಟೂರನ್ನೂ ಸೇರಿಸಿದೆ. ಅದರ ಪರಿಣಾಮವನ್ನು ಇಲ್ಲಿ ವರ್ಣಿಸುವುದು ಸಭ್ಯತೆಯಲ್ಲ.

ಚೊರೀಸಿನ ಪಾತ್ರಕ್ಕೆ ಸೋಯಾ ಚಂಕ್ಸ್ ಆರಿಸಿದ್ದೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡುವ ಈ ಉಂಡೆಗಳಿಗೆ ಸ್ವಂತದ ರುಚಿಯಿಲ್ಲ, ಆದರೆ ಹೀರುವ ಶಕ್ತಿ ಅಪಾರ. ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಮಸಾಲೆಯಲ್ಲಿ ಇಟ್ಟು ಎರಡು ತಾಸಿನ ಮೇಲೆ ಒಂದನ್ನು ಬಾಯಿಗೆ ಹಾಕಿ ಹಲ್ಲೂರಿದೆ. ಅದು ಪಿಚಕಾರಿಯಂತೆ ಸಿಡಿದು ಗಂಟಲಿಗೆ ವಿನೆಗರ್ ಹಾರಿಸಿತು. ಹತ್ತು ನಿಮಿಷ ನನ್ನ ಧ್ವನಿಯೇ ಹೊರಡಲಿಲ್ಲ. ಮನೆಯಲ್ಲಿ ಅದನ್ನು ಯಾರೂ ಕೊರತೆಯೆಂದು ಭಾವಿಸಿದಂತೆ ಕಾಣಲಿಲ್ಲ.

ನಿಜವಾದ ಅನಾಹುತ ಕುಕ್ಕರಿನಲ್ಲಿ ಕಾದಿತ್ತು. ರಾತ್ರಿಯಿಡೀ ನೆನೆದಿದ್ದ ರಾಜ್ಮಾಕ್ಕೆ ಮೊದಲೇ ರುಚಿ ಹಿಡಿಯಲೆಂದು ಮಸಾಲೆ, ಟೊಮ್ಯಾಟೊ, ಮೇಲಿಂದ ಅರ್ಧ ಲೋಟ ವಿನೆಗರು ಎಲ್ಲವನ್ನೂ ಒಟ್ಟಿಗೇ ಸುರಿದು ಮುಚ್ಚಿದೆ. ಕುಕ್ಕರ್ ಆರು ಸಲ ಕೂಗಿತು. ತೆರೆದು ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿದರೆ ಅದು ಚಿಮ್ಮಿ ಹೋಗಿ ಗೋಡೆಗೆ ಬಡಿಯಿತು. ಇನ್ನಾರು ಕೂಗಿದ ಮೇಲೂ ಸಿಪ್ಪೆ ಚರ್ಮದಂತೆ, ಒಳಗೆ ಸುಣ್ಣದಂತೆ ಇತ್ತು. ಕಾಳಿನ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಕರಗಲು ಒಪ್ಪುವುದಿಲ್ಲ. ಇದನ್ನು ತಿಳಿಯಲು ರಸಾಯನಶಾಸ್ತ್ರವೇನೂ ಬೇಕಿರಲಿಲ್ಲ. ಬೇಳೆ ಬೆಂದ ಮೇಲೆಯೇ ಅವ್ವ ಹುಣಸೆಹುಳಿ ಹಿಂಡುವುದನ್ನು ನಾನು ಮೂವತ್ತು ವರ್ಷ ನೋಡಿದ್ದೆ, ಕಂಡಿರಲಿಲ್ಲ. ಹಾಗೆಂದು ಅರೆಬೆಂದ ರಾಜ್ಮಾವನ್ನು ಅಗಿದು ನುಂಗಿ ಮಾನ ಉಳಿಸಿಕೊಳ್ಳುವಂತೆಯೂ ಇರಲಿಲ್ಲ. ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ವಾಂತಿಭೇದಿ ತರುತ್ತದೆ. ಕನಿಷ್ಠ 5 ತಾಸು ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಚೆನ್ನಾಗಿ ಕುದಿಸಿದರೆ ಮಾತ್ರ ಅದು ನಿರುಪದ್ರವಿ. ಕಾಳನ್ನೆಲ್ಲ ತೊಳೆದು, ಬರೀ ನೀರಿನಲ್ಲಿ ಮತ್ತೆ ಒಲೆಗೇರಿಸಿದೆ.

ಅದು ಬೇಯುವವರೆಗೆ ಸುಮ್ಮನೆ ಕೂತಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಚೊರೀಸಿನ ಹೊಗೆಯ ವಾಸನೆಯೊಂದು ಬಾಕಿ ಇದೆಯೆಂದು ತೆಂಗಿನ ಚಿಪ್ಪೊಂದನ್ನು ಗ್ಯಾಸ್ ಉರಿಯ ಮೇಲಿಟ್ಟೆ. ಪೂರ್ತಿ ಕೆಂಡವಾಗುವ ಮೊದಲೇ ಅದನ್ನು ಬಟ್ಟಲಿನಲ್ಲಿ ಹಾಕಿ, ಸೋಯಾ ಪಾತ್ರೆಯ ನಡುವೆ ಇರಿಸಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟೆ. ಮುಚ್ಚಳ ಹುಡುಕುವಷ್ಟರಲ್ಲಿ ಹೊಗೆ ಅಡುಗೆಮನೆ ತುಂಬಿ, ಪಡಸಾಲೆ ದಾಟಿ, ಕಿಟಕಿಯಿಂದ ಮೇಲಿನ ಮಹಡಿಗೆ ಹೊರಟಿತ್ತು. "ಕಾಳು ಬೇಯವಲ್ಲವು, ಮನಿ ಬೇಯಲಿಕ್ಕೆ ಹತ್ತೇದ!" ಎಂದು ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಬಾಗಿಲು ಬಡಿದವರು ಅಗ್ನಿಶಾಮಕದವರಲ್ಲ, ಮೇಲಿನ ಮಹಡಿಯ ಹುಬ್ಬಳ್ಳಿಯ ಕಾಕಾ. ಏಕಾದಶಿ ತಪ್ಪದ ಮನುಷ್ಯ. ಬೆಂಕಿಯ ವಿಷಯ ಅವರು ಕೇಳಲೇ ಇಲ್ಲ. ಹೊಸ್ತಿಲಲ್ಲೇ ನಿಂತು ಎರಡು ಸಲ ಮೂಗೆಳೆದು, ದನಿ ತಗ್ಗಿಸಿ, "ತಮ್ಮಾ, ಇದು ಅದರ ವಾಸನಿ ಅಲ್ಲೇನು? ಊರಾಗ ನಿಮ್ಮ ಅಪ್ಪಗ ಗೊತ್ತದ ಏನು?" ಎಂದರು. ಮೂರು ದಿನದ ಸಿದ್ಧತೆ ಫಲಿಸಿದ್ದು ನಿಶ್ಚಿತವಾದ ಕ್ಷಣದಲ್ಲೇ ನನ್ನ ಚಾರಿತ್ರ್ಯ ಕೈಬಿಟ್ಟುಹೋಗಿತ್ತು. ಕಸದ ಡಬ್ಬಿಯಿಂದ ಸೋಯಾ ಪೊಟ್ಟಣ ಹೆಕ್ಕಿ, ಅದರ ಮೇಲಿನ ಹಸಿರು ಚುಕ್ಕೆಯನ್ನು ಬೆರಳಿಟ್ಟು ತೋರಿಸಿದೆ. ಕಾಕಾ ಕನ್ನಡಕ ಏರಿಸಿಕೊಂಡು ಪರಾಂಬರಿಸಿದರು.

ಅಷ್ಟರಲ್ಲಿ ಕಾಳು ಬೆಂದಿತ್ತು. ಬೀದಿಯಲ್ಲಿ ಪಾವ್ ಮಾರುವ ಪೊದೇರ್‌ನ ಸೈಕಲ್ ಹಾರ್ನ್ ಕೇಳಿದ್ದರಿಂದ ಹೆಂಡತಿ ಇಳಿದು ಹೋಗಿ ಬಿಸಿ ಪಾವ್ ತಂದಳು. ಪರೀಕ್ಷೆಗಾಗಿ ಒಂದೇ ಚಮಚ ಎಂದ ಕಾಕಾ ಹಣೆಯ ಬೆವರು ಒರೆಸಿಕೊಳ್ಳುತ್ತ ನಾಲ್ಕು ಪಾವ್ ಮುಗಿಸಿದರು. ಹೊರಡುವಾಗ ಸ್ಟೀಲ್ ಡಬ್ಬಿಯೊಂದನ್ನು ಹೆಂಡತಿಯ ಕೈಯಿಂದ ಇಸಿದುಕೊಂಡು, ಮೆಟ್ಟಿಲ ಹತ್ತಿರ ನಿಂತು ಹಿಂದಿರುಗಿ ನೋಡಿ, "ನಮ್ಮಾಕಿ ಕೇಳಿದ್ರ ಕಾಳಿನ ಪಲ್ಯಾ ಅಂತ ಹೇಳವಾ," ಎಂದರು.