ಅಮ್ಮನ ಡೈರಿಯ ಕೊನೆಯ ಪುಟಗಳು

ಅಮ್ಮನ ಹಳೆಯ ಡೈರಿಯೊಂದರ ಕೊನೆಯ ನಾಲ್ಕು ಪುಟಗಳ ತುಂಬ ಪಾಸ್‌ವರ್ಡ್‌ಗಳಿವೆ. ಒಂದನ್ನು ಬರೆದು, ಅದಕ್ಕೆ ಗೀಟು ಹಾಕಿ, ಕೆಳಗೆ ಅದೇ ಪದವನ್ನು ಇಟ್ಟುಕೊಂಡು ಕೊನೆಯ ಅಂಕಿಯನ್ನಷ್ಟೇ ಬದಲಿಸಿ ಇನ್ನೊಂದನ್ನು ಬರೆದಿದ್ದಾಳೆ. ಅದಕ್ಕೂ ಗೀಟು, ಅದರ ಕೆಳಗೆ ಮತ್ತೊಂದು. ಕಳೆದ ವಾರ ಅದು ಕಣ್ಣಿಗೆ ಬಿದ್ದಾಗ, "ಹೀಗೆಲ್ಲ ಬರೆದಿಡಬಾರದಮ್ಮ" ಎಂದೆ. "ಮೂರು ತಿಂಗಳಿಗೊಮ್ಮೆ ಬದಲಾಯಿಸು ಅಂತ ಅದೇ ಕೇಳುತ್ತಲ್ಲ, ಎಷ್ಟು ಅಂತ ನೆನಪಿಟ್ಟುಕೊಳ್ಳಲಿ?" ಎಂದಳು. ತನ್ನಿಂದಲೇ ಏನೋ ತಪ್ಪಾಗಿದೆ ಎನ್ನುವ ದನಿ ಅದರಲ್ಲಿತ್ತು. ಆ ದನಿ ನನ್ನನ್ನು ಇಷ್ಟು ದಿನ ಬಿಡದೆ ಕಾಡಿದೆ, ಏಕೆಂದರೆ ಅಂಥದ್ದೇ ಒಂದು ನಿಯಮವನ್ನು ಕೆಲವು ವರ್ಷಗಳ ಹಿಂದೆ ನಾನೇ ಕೈಯಾರೆ ಬರೆದಿದ್ದೆ.

ಹೆಚ್ಚೆಂದರೆ ಹತ್ತು ಹನ್ನೆರಡು ಸಾಲುಗಳ ಕೋಡ್ ಅದು. ಪಾಸ್‌ವರ್ಡ್ ಕೊನೆಯ ಸಲ ಬದಲಾದ ದಿನಾಂಕವನ್ನು ಇಂದಿನ ದಿನಾಂಕದಿಂದ ಕಳೆದು, ಉತ್ತರ 90 ದಾಟಿದ್ದರೆ ಬಳಕೆದಾರರನ್ನು ನೇರ ಬದಲಾವಣೆಯ ಪುಟಕ್ಕೆ ಕಳುಹಿಸುವುದು. ಹೊಸದರಲ್ಲಿ ಒಂದು ಕ್ಯಾಪಿಟಲ್ ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇಲ್ಲದಿದ್ದರೆ ಕೆಂಪು ಬಣ್ಣದಲ್ಲಿ ತಿರಸ್ಕರಿಸುವುದು. ಯಾಕೆ 90, ಯಾಕೆ ಚಿಹ್ನೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೊಟ್ಟ ಪಟ್ಟಿಯಲ್ಲಿ ಇತ್ತು, ಮಾಡಿದೆ, ಪರೀಕ್ಷೆಯಲ್ಲಿ ಪಾಸಾಯಿತು.

ನಿಯಮಕ್ಕೆ ಒಂದು ಕಾಲದಲ್ಲಿ ತರ್ಕವಿತ್ತು. ಗೂಢರೂಪದಲ್ಲಿ ಕದ್ದ ಪಾಸ್‌ವರ್ಡನ್ನು ಭೇದಿಸುವುದಕ್ಕೆ ಕಳ್ಳನಿಗೆ ಇಂತಿಷ್ಟು ದಿನ ಹಿಡಿಯುತ್ತದೆ, ಅಷ್ಟರೊಳಗೆ ಅದನ್ನು ಬದಲಾಯಿಸಿಬಿಟ್ಟರೆ ಅವನ ಕೈಯಲ್ಲಿ ಉಳಿಯುವುದು ಬೀಗವೇ ಇಲ್ಲದ ಬೀಗದ ಕೈ, ಎಂಬ ಲೆಕ್ಕ. ಆದರೆ ಬದಲಾಯಿಸು ಎಂದಾಗ ಜನ ನಿಜವಾಗಿ ಏನು ಮಾಡುತ್ತಾರೆ ಎನ್ನುವುದನ್ನು ಆ ಲೆಕ್ಕ ಹಿಡಿದಿರಲಿಲ್ಲ. ಅವರು ನನ್ನ ಅಮ್ಮ ಮಾಡಿದ್ದನ್ನೇ ಮಾಡುತ್ತಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಾರು ಹಳೆಯ ಖಾತೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಪಾಸ್‌ವರ್ಡ್ ಒಂದು ಗೊತ್ತಿದ್ದರೆ ಸಾಕು, ಶೇ. 17ರಷ್ಟು ಖಾತೆಗಳಲ್ಲಿ ಅದರ ನಂತರದ ಪಾಸ್‌ವರ್ಡ್ ಐದು ಊಹೆಗಳೊಳಗೆ ಸಿಕ್ಕಿಬಿಡುತ್ತಿತ್ತು. ಅಂದರೆ ನಾನು ಬರೆದ ಹನ್ನೆರಡು ಸಾಲುಗಳು ಕಳ್ಳನಿಗೆ ಹೆಚ್ಚೇನೂ ತೊಂದರೆ ಕೊಡದೆ, ಮಾಲೀಕರಿಗೆ ಮಾತ್ರ ವರ್ಷಕ್ಕೆ ನಾಲ್ಕು ಸಲ ತೊಂದರೆ ಕೊಡುತ್ತಿದ್ದವು.

ಕ್ಯಾಪಿಟಲ್ ಅಕ್ಷರ, ಅಂಕಿ, ಚಿಹ್ನೆಗಳ ನಿಯಮ ಜಗತ್ತಿನಾದ್ಯಂತ ಹರಡುವುದಕ್ಕೆ ಕಾರಣವಾದದ್ದು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ಗಾಗಿ ಬಿಲ್ ಬರ್ ಅವರು ಬರೆದ ಮಾರ್ಗಸೂಚಿ. ತಾವು ಅಂದು ಬರೆದುದರಲ್ಲಿ ಬಹುಪಾಲಿನ ಬಗ್ಗೆ ಈಗ ವಿಷಾದವಿದೆ ಎಂದು ನಿವೃತ್ತಿಯ ನಂತರ, 2017ರಲ್ಲಿ, ಅವರೇ ಬಹಿರಂಗವಾಗಿ ಹೇಳಿದರು. ಅದೇ ವರ್ಷ ನಿಸ್ಟ್ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿತು: ಸೋರಿಕೆಯಾದ ಸುಳಿವಿಲ್ಲದೆ ಸುಮ್ಮಸುಮ್ಮನೆ ಬದಲಾಯಿಸಲು ಹೇಳಬೇಡಿ, ಚಿಹ್ನೆ ಅಂಕಿಗಳ ಕಡ್ಡಾಯ ಬೇಡ, 64 ಅಕ್ಷರಗಳವರೆಗಾದರೂ ಉದ್ದದ ಪಾಸ್‌ವರ್ಡ್‌ಗೆ ಅವಕಾಶ ಕೊಡಿ, ಪೇಸ್ಟ್ ಮಾಡುವುದನ್ನು ತಡೆಯಬೇಡಿ. ಬರ್ ಅವರ ಬಗ್ಗೆ ನನಗೆ ಗೌರವವೇ ಹೆಚ್ಚಾಯಿತು. ತನ್ನ ಕೆಲಸದಿಂದ ಕೋಟ್ಯಂತರ ಜನರಿಗೆ ಕಷ್ಟವಾಯಿತೆಂದು ಒಪ್ಪಿಕೊಳ್ಳುವ ಧೈರ್ಯವನ್ನು ನಮ್ಮ ವೃತ್ತಿಯಲ್ಲಿ ನಾನು ಹೆಚ್ಚು ಕಂಡಿಲ್ಲ. ನಿಯಮವನ್ನು ಮಾಡಿದವರೇ ಕೈಬಿಟ್ಟು ಇಷ್ಟು ವರ್ಷಗಳಾದ ಮೇಲೂ ಅದು ಅಮ್ಮನ ಡೈರಿಯಲ್ಲಿ ಗೀಟು ಎಳೆಸುತ್ತಿದೆ ಎನ್ನುವುದು ನನಗೆ ಬೇಸರದ ಸಂಗತಿ.

ಹಾಗಾದರೆ ಬರೆದಿಡುವುದು ಅಪಾಯವಲ್ಲವೇ ಎಂದು ಕೇಳಬಹುದು. ಯಾರಿಂದ ಅಪಾಯ ಎನ್ನುವುದನ್ನು ಮೊದಲು ನೋಡಬೇಕು. ಕಚೇರಿಯ ಮೇಜಿನ ಮೇಲೆ ಅಂಟಿಸಿದ ಚೀಟಿ ಖಂಡಿತ ಅಪಾಯ. ಮನೆಯ ಬೀರುವಿನೊಳಗಿನ ಡೈರಿಯನ್ನು ಓದಬೇಕಾದರೆ ಕಳ್ಳ ಮನೆಗೇ ಬರಬೇಕು. ಖಾತೆಗಳನ್ನು ಸಾವಿರ ಸಾವಿರ ಲೆಕ್ಕದಲ್ಲಿ ದೋಚುವವರು ಯಾರ ಮನೆಗೂ ಬರುವುದಿಲ್ಲ. ಅವರು ಹೋಗುವುದು ನಮ್ಮಂಥವರು ಕಟ್ಟಿದ ಸರ್ವರ್‌ಗಳಿಗೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿಹೋದಾಗ, ಅವೆಲ್ಲ ಹ್ಯಾಶ್ ಕೂಡ ಮಾಡದೆ ಇದ್ದದ್ದು ಇದ್ದ ಹಾಗೆ ಡೇಟಾಬೇಸಿನಲ್ಲಿ ಕೂತಿದ್ದವು. ಹ್ಯಾಶ್ ಎಂದರೆ ಪಾಸ್‌ವರ್ಡನ್ನು ಹಿಂದಕ್ಕೆ ತಿರುಗಿಸಲಾಗದಂತೆ ಅರೆದು ಇಡುವುದು. ಆ ವಿದ್ಯೆ ಅಷ್ಟರಲ್ಲಾಗಲೇ ಮೂರು ದಶಕಗಳಿಗೂ ಹಳೆಯದಾಗಿತ್ತು. ಹೀಗೆ ಒಂದು ಕಡೆ ಸೋರಿದ ಹೆಸರು ಮತ್ತು ಪಾಸ್‌ವರ್ಡುಗಳ ಜೋಡಿಯನ್ನು ಬೇರೆ ನೂರು ಕಡೆ ಹಾಕಿ ನೋಡುವುದೇ ಇವತ್ತು ದೊಡ್ಡ ದಂಧೆ. ಅದಕ್ಕೆ ಮದ್ದು ಪ್ರತಿಯೊಂದು ಖಾತೆಗೂ ಬೇರೆಯದೇ ಪಾಸ್‌ವರ್ಡ್, ಮತ್ತು ಬೇರೆ ಬೇರೆ ಇಡಬೇಕಾದರೆ ಎಲ್ಲಾದರೂ ಬರೆದಿಡಲೇಬೇಕು, ಪಾಸ್‌ವರ್ಡ್‌ಗಳನ್ನು ಕಾಪಿಡುವ ತಂತ್ರಾಂಶವಾದ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಾಗಲಿ, ಡೈರಿಯಲ್ಲಾಗಲಿ.

ಕಂಪ್ಯೂಟರಿಗೆ ಪಾಸ್‌ವರ್ಡ್ ತಂದವರೆಂದು ಹೆಸರಾದ ಫರ್ನಾಂಡೊ ಕೋರ್ಬಾಟೊ ಅವರ ಕಥೆಯೂ ಇದೇ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಅವರ ತಂಡ ಕಟ್ಟಿತು. ಒಬ್ಬರ ಫೈಲು ಇನ್ನೊಬ್ಬರಿಗೆ ಕಾಣದಿರಲೆಂದು ಪಾಸ್‌ವರ್ಡ್ ಬಂತು. 1966ರಲ್ಲಿ ಅದೇ ವ್ಯವಸ್ಥೆಯಲ್ಲಿ ಎರಡು ಫೈಲುಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿಯೇ ಅಚ್ಚಾಗಿ ಬಂತು. ಆಗಲೂ ಸೋರಿದ್ದು ಬಳಕೆದಾರರ ಕಡೆಯಿಂದಲ್ಲ. ಅದೇ ಕೋರ್ಬಾಟೊ ಇಳಿವಯಸ್ಸಿನಲ್ಲಿ, 2014ರ ಒಂದು ಸಂದರ್ಶನದಲ್ಲಿ, ತಾವೂ ಮೂರು ಪುಟಗಳಷ್ಟು ಪಾಸ್‌ವರ್ಡ್‌ಗಳನ್ನು ಟೈಪ್ ಮಾಡಿ ಇಟ್ಟುಕೊಂಡಿದ್ದಾಗಿ ಹೇಳಿಕೊಂಡರು. ಇದನ್ನು ಅಮ್ಮನಿಗೆ ಹೇಳಿದೆ. "ನನ್ನದು ನಾಲ್ಕು ಪುಟ" ಎಂದು ನಕ್ಕಳು.

ಮುಂದಿನ ದಾರಿ ಪಾಸ್‌ಕೀ, ಅಂದರೆ ಪಾಸ್‌ವರ್ಡಿನ ಬದಲು ಫೋನಿನಂಥ ಸಾಧನದಲ್ಲಿರುವ ಕೀಲಿಯಿಂದ ಲಾಗಿನ್ ಆಗುವ ವಿಧಾನ, ಎನ್ನುವುದು ನನ್ನ ನಂಬಿಕೆ. ಅದರಲ್ಲಿ ಗುಟ್ಟು ನಮ್ಮ ಸಾಧನದಲ್ಲೇ ಉಳಿಯುತ್ತದೆ, ಸರ್ವರ್‌ನಲ್ಲಿರುವುದು ಅದರ ಜೋಡಿಯಾದ, ಕದ್ದರೂ ಕೆಲಸಕ್ಕೆ ಬಾರದ ಸಾರ್ವಜನಿಕ ಕೀಲಿ, ನಕಲಿ ಜಾಲತಾಣ ಕೇಳಿದರೆ ಫೋನು ಆ ಗುಟ್ಟಿನಿಂದ ದೃಢೀಕರಣದ ಸಹಿ ಹಾಕುವುದೇ ಇಲ್ಲ. ವಿವರಿಸುತ್ತಿದ್ದಂತೆ ಅಮ್ಮ, "ಫೋನ್ ಕೆಟ್ಟುಹೋದರೆ?" ಎಂದಳು. ತಂತ್ರಜ್ಞರ ಸಭೆಗಳಲ್ಲಿ ಕೊನೆಯ ಐದು ನಿಮಿಷಕ್ಕೆ ತಳ್ಳಲ್ಪಡುವ ಪ್ರಶ್ನೆ ಅದು. ಅಮ್ಮನಿಗೆ ಮೊದಲು ಹೊಳೆದದ್ದೇ ಅದು. ಕೀಲಿಗಳನ್ನು ಬೇರೊಂದು ಸಾಧನಕ್ಕೂ ಹೊಂದಿಸಿಟ್ಟುಕೊಳ್ಳಬಹುದು, ಆದರೆ ಖಾತೆಯನ್ನು ಮರಳಿ ಪಡೆಯುವ ದಾರಿಯನ್ನು ಅವಳು ಒಬ್ಬಳೇ ಕೂತು ನಡೆಯುವಷ್ಟು ಸರಳ ಮಾಡುವವರೆಗೆ ನಾವು ಅವಳ ಡೈರಿಯನ್ನು ಕಸಿದುಕೊಳ್ಳುವಂತಿಲ್ಲ.

ಈ ವಾರ ನಾನು ಮಾಡಿದ್ದು ಚಿಕ್ಕ ಕೆಲಸ. ನಮ್ಮ ಹೊಸ ಲಾಗಿನ್ ಪುಟದ ಕೋಡ್ ಪರಿಶೀಲನೆಗೆ ಬಂದಾಗ ಅದರಲ್ಲಿ ಪೇಸ್ಟ್ ತಡೆಯುವ ಸಾಲೂ 90 ದಿನಗಳ ಗಡುವೂ ಹಾಗೇ ಇದ್ದವು, ಹಳೆಯ ಪುಟದಿಂದ ನಕಲಾಗಿ ಬಂದಿದ್ದವು. ಒಪ್ಪಿಗೆ ಕೊಡದೆ ಹಿಂದಿರುಗಿಸಿ, ಕಾರಣವನ್ನು ಎರಡು ಪ್ಯಾರಾಗಳಲ್ಲಿ ಬರೆದೆ. ಬರೆದ ಕಿರಿಯ ಸಹೋದ್ಯೋಗಿ ಬಂದು, "ಯಾರೂ ಯಾಕೆ ಅಂತ ಹೇಳಿರಲಿಲ್ಲ ಸರ್" ಎಂದರು. ಇಬ್ಬರೂ ಕೂತು ಆ ಸಾಲುಗಳನ್ನು ಅಳಿಸಿದೆವು.